ಒಂದನೇ ಕ್ಲಾಸಿನಲ್ಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

ಮಂಗಳೂರಿನ ಒಂದನೇ ಕ್ಲಾಸಿನಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಈಗ ಕೂಲಿಗೆ ಬಂದ ಉತ್ತರ ಕರ್ನಾಟಕದವರ ಮಕ್ಕಳೂ ಇದ್ದಾರೆ. ಅಂಥ ಮಗುವೊಂದು ‘ಹೌದ್ರೀ ಟೀಚರ್’ ಅಂದರೆ ಸಾಕು, ಉಳಿದವರು ಕಿಸಕ್ಕನೆ ನಗುತ್ತಾರೆ. ಮರುದಿನದಿಂದ ಅದು ಬಾಯಿಯೇ ಬಿಡುವುದಿಲ್ಲ. ಆರು ವರ್ಷದ ಮಗುವಿಗೆ ಇದು ಸಣ್ಣ ನೋವಲ್ಲ.

ಸುಮ್ನೆ ‘ನಗಬೇಡಿ’ ಎಂದು ಗದರಿಸಿದರೆ ಸಾಲದು. ಬೇರೆಯವರ ಮಾತನ್ನು ಗೌರವಿಸುವುದನ್ನು ಒಂದನೇ ಕ್ಲಾಸಿನಲ್ಲೇ ಕಲಿಸಬೇಕು. ಸರ್ಕಾರಿ ಶಾಲೆಯ ನಲಿ-ಕಲಿ ಎಂಬ ಆಟ-ಚಟುವಟಿಕೆಯ ಕಲಿಕೆಯಲ್ಲಿ ಮಕ್ಕಳು ಹೇಗೂ ಗುಂಪಾಗಿ ಕೂತು ಕಲಿಯುತ್ತಾರೆ. ಶನಿವಾರ ಒಬ್ಬೊಬ್ಬರ ಅಜ್ಜಿಯನ್ನು ಕರೆಸಿ, ಅವರದೇ ಭಾಷೆಯಲ್ಲಿ ಕಥೆ ಹೇಳಿಸಬಹುದು. ಮೊಮ್ಮಗು ಅದನ್ನು ಗೆಳೆಯರಿಗೆ ಕನ್ನಡದಲ್ಲಿ ಹೇಳಲಿ. ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳು ಮೂರೂ ನಮ್ಮೂರಲ್ಲೇ ಇವೆ, ಅಲ್ವಾ? ಹಾಡು, ಕಥೆ ಒದಗಿಸಿ ಅವೂ ಕೈಜೋಡಿಸಲಿ. ದುಡ್ಡು ಜಾಸ್ತಿ ಬೇಡ. ಟೀಚರುಗಳಿಗೆ ಸ್ವಲ್ಪ ತರಬೇತಿ, ವಾರಕ್ಕೊಂದು ಪಿರಿಯಡ್ ಕೊಟ್ಟರೆ ಈ ವರ್ಷವೇ ಶುರುಮಾಡಬಹುದು.

– ಒಬ್ಬ ತಾಯಿ, ಮಂಗಳೂರು