ಬಾದಾಮಿ ಪ್ರವಾಸ: ಒಂಬತ್ತನೇ ತರಗತಿ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಈ ವರ್ಷದ ಶೈಕ್ಷಣಿಕ ಪ್ರವಾಸಕ್ಕೆ ನಿಮ್ಮ ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಡಿಸೆಂಬರ್ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ 6 ಗಂಟೆಗೆ ಶಾಲೆಯ ಮುಂದಿನಿಂದ ಬಸ್ ಹೊರಡುತ್ತದೆ. ಭಾನುವಾರ ರಾತ್ರಿ 9ರೊಳಗೆ ವಾಪಸ್ ಬರುತ್ತೇವೆ.

ಹೋದ ವಾರದ ಸಭೆಯಲ್ಲಿ ನಿಮ್ಮಲ್ಲಿ ಕೆಲವರು ಕೇಳಿದಿರಿ: "ಎರಡು ದಿನ ಬರೀ ಬಾದಾಮಿ ಕಡೆ ಅಷ್ಟೇನಾ ಮೇಡಂ? ಕೂಡಲಸಂಗಮ, ಆಲಮಟ್ಟಿ, ಗೋಳಗುಮ್ಮಟ ಯಾಕಿಲ್ಲ? ಅದೇ ಖರ್ಚಿನಲ್ಲಿ ಅವೂ ಆಗ್ತಿದ್ದವಲ್ಲ?" ಆವತ್ತು ಸಮಯ ಸಾಲಲಿಲ್ಲ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ ಆಗಿದೆ. ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ಎರಡು ದಿನದಲ್ಲಿ ಒಂಬತ್ತು ಊರು ತೋರಿಸಿದೆವು. ಇಳಿ, ಓಡು, ಫೋಟೋ ತೆಗಿ, ಹತ್ತು. ವಾಪಸ್ ಬಂದ ಮೇಲೆ ಮಕ್ಕಳಿಗೆ ಒಂದು ಪುಟ ಬರೆಯೋಕೆ ಹೇಳಿದೆ. ಜಾಸ್ತಿ ಜನ ಬರೆದದ್ದು ಬಸ್ಸಿನ ಹಾಡಿನ ಬಗ್ಗೆ. ಒಬ್ಬ ಹುಡುಗಿ "ಎಲ್ಲ ಗುಡಿಗಳೂ ಒಂದೇ ಥರ ಇದ್ದವು" ಎಂದು ಬರೆದಿದ್ದಳು. ಆ ಸಾಲು ಓದಿ ನನಗೆ ಬಹಳ ಬೇಸರವಾಯಿತು. ತಪ್ಪು ಆ ಮಗುವಿನದ್ದಲ್ಲ. ಎಲ್ಲೂ ಎರಡು ನಿಮಿಷ ನಿಂತು ನೋಡೋಕೆ ನಾವು ಬಿಟ್ಟಿರಲಿಲ್ಲ. ಈ ಸಲ ಊರು ಕಡಿಮೆ, ನಿಲ್ಲುವುದು ಜಾಸ್ತಿ.

ಬಾದಾಮಿಯೇ ಯಾಕೆ? ಅದು ಒಂದು ರಾಜಧಾನಿ. 543ರಲ್ಲಿ ಚಾಲುಕ್ಯರ ಒಂದನೇ ಪುಲಕೇಶಿ ಅಲ್ಲಿನ ಬೆಟ್ಟವನ್ನು ಕೋಟೆ ಮಾಡಿದ. ಹಾಗಂತ ಅಲ್ಲಿನ ಬಂಡೆಯ ಮೇಲೆಯೇ ಬರೆಸಿದ್ದಾನೆ. ಆಗ ಊರಿನ ಹೆಸರು ವಾತಾಪಿ. ನಮ್ಮ ಮಕ್ಕಳು ನೋಡಿ ಬೆಳೆದ ಹಾವೇರಿಯ ಸಿದ್ಧೇಶ್ವರ ಗುಡಿಗಿಂತ ಸುಮಾರು ಐನೂರು ವರ್ಷ ಹಿಂದಿನ ಮಾತು. ನಮ್ಮದು ನುಣುಪಾದ ಬಳಪದ ಕಲ್ಲು, ಅಲ್ಲಿನದು ಕೆಂಪು ಮರಳುಗಲ್ಲು. ಆ ವ್ಯತ್ಯಾಸ ಫೋಟೋದಲ್ಲಿ ಗೊತ್ತಾಗುವುದಿಲ್ಲ.

ಶನಿವಾರ ಪೂರ್ತಿ ಬಾದಾಮಿಯಲ್ಲೇ ಇರುತ್ತೇವೆ. ಮೊದಲು ನಾಲ್ಕು ಗುಹೆಗಳು. ಒಂದನೇ ಗುಹೆಯ ಬಾಗಿಲಲ್ಲಿ 18 ಕೈಗಳ ನಟರಾಜ ಇದ್ದಾನೆ. ಅವನನ್ನು ಎಲ್ಲರೂ ನೋಡುತ್ತಾರೆ. ನಾನು ಮಕ್ಕಳನ್ನು ನಿಲ್ಲಿಸಬೇಕು ಅಂದುಕೊಂಡಿರುವುದು ಇನ್ನೊಂದು ಬದಿಯಲ್ಲಿ, ದ್ವಾರಪಾಲಕನ ಕಾಲ ಕೆಳಗಿರುವ ಸಣ್ಣ ಕೆತ್ತನೆಯ ಮುಂದೆ. ಅಲ್ಲಿ ಎರಡು ಪ್ರಾಣಿಗಳಿಗೆ ಒಂದೇ ತಲೆ. ಒಂದು ಬದಿಯ ಮೈಯನ್ನು ಅಂಗೈ ಅಡ್ಡ ಹಿಡಿದು ಮರೆ ಮಾಡಿದರೆ ಎತ್ತು ಕಾಣುತ್ತದೆ. ಇನ್ನೊಂದು ಬದಿ ಮರೆ ಮಾಡಿದರೆ ಆನೆ.  ಇದನ್ನು ಯಾರೂ ಹೇಳಿಕೊಡದೆ ಮಕ್ಕಳೇ ಕಂಡುಹಿಡಿಯಲಿ. ಎಷ್ಟು ಹೊತ್ತಾದರೂ ಪರವಾಗಿಲ್ಲ.

ಮೂರನೇ ಗುಹೆ ಎಲ್ಲಕ್ಕಿಂತ ದೊಡ್ಡದು. 578ರಲ್ಲಿ ಚಾಲುಕ್ಯರ ಮಂಗಲೇಶ ಮಾಡಿಸಿದ್ದು. ಅವನು ಅಲ್ಲೇ ಹೊರಗೆ ಕನ್ನಡದಲ್ಲಿ ಒಂದು ಶಾಸನ ಬರೆಸಿದ್ದಾನೆ. ಅದರಲ್ಲಿ ಆ ಗುಹಾಲಯಕ್ಕೆ ಬಳಸಿರುವ ಪದ "ಕಲ್ಮನೆ". ಕಲ್ಲಿನ ಮನೆ, ಅಷ್ಟೇ! ದೇವರಿಗೆ ಹೂಮಾಲೆ ಕಟ್ಟುವವರಿಗೆ ಏನು ಸಲ್ಲಬೇಕು ಅನ್ನುವುದೂ ಅದರಲ್ಲಿದೆ. ರಾಜನ ಶಾಸನದಲ್ಲಿ ಹೂ ಕಟ್ಟುವವರ ಲೆಕ್ಕ! ನಿಮ್ಮಲ್ಲಿ ಹಲವರು ಸೇವಂತಿ, ಮಲ್ಲಿಗೆ ಬೆಳೆಯುವವರು, ಕಟ್ಟಿ ಮಾರುವವರು. ನಿಮ್ಮ ಮಗು ಅದನ್ನು ಓದಿ ಬಂದು ನಿಮಗೆ ಹೇಳಿದರೆ ಎಷ್ಟು ಚೆಂದ ಅಲ್ವಾ?

ಇನ್ನೊಂದು ಶಾಸನವಂತೂ ನಮ್ಮ ಜಿಲ್ಲೆಯವರು ನೋಡಲೇಬೇಕು. ಸರ್ವಜ್ಞನ ತ್ರಿಪದಿ ನಮ್ಮ ಮಕ್ಕಳ ಬಾಯಲ್ಲೇ ಇದೆ. ಅವನು ನಮ್ಮ ನೆಲದವನು. ಆದರೆ ಅವನಿಗಿಂತ ಎಷ್ಟೋ ನೂರು ವರ್ಷ ಮೊದಲು, ಸುಮಾರು 700ರ ಹೊತ್ತಿಗೆ, ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟ ಎಂಬ ವೀರನ ಬಗ್ಗೆ ತ್ರಿಪದಿ ಕೆತ್ತಿದ್ದಾರೆ: "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್, ಮಾಧವನೀತನ್ ಪೆರನಲ್ಲ." ಒಳ್ಳೆಯವರಿಗೆ ಒಳ್ಳೆಯವನು, ಕಾಡುವವರಿಗೆ ಕಡುಕೋಪದವನು. ಕನ್ನಡ ಮೇಷ್ಟ್ರು ಈಗಾಗಲೇ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸುತ್ತಿದ್ದಾರೆ. ಬಂಡೆಯ ಕೆಳಗೆ ನಿಂತು ಎಲ್ಲರೂ ಒಟ್ಟಿಗೆ ಹೇಳಬೇಕು ಅಂತ ನನ್ನ ಆಸೆ.

ಮಧ್ಯಾಹ್ನ ವಸ್ತುಸಂಗ್ರಹಾಲಯ, ಆಮೇಲೆ ಬಂಡೆಗಳ ನಡುವಿನ ಕಿರಿದಾದ ದಾರಿಯಲ್ಲಿ ಉತ್ತರದ ಕೋಟೆ. ಸಂಜೆ ಅಗಸ್ತ್ಯ ತೀರ್ಥ ಎಂಬ ಕೆರೆಯ ದಡದ ಭೂತನಾಥ ಗುಡಿ. ಇಳಿಬಿಸಿಲು ನೇರ ಗುಡಿಯ ಮೇಲೆ ಬೀಳುತ್ತದೆ, ನೀರಿನಲ್ಲೂ ಗುಡಿ ಕಾಣುತ್ತದೆ. ಅಲ್ಲಿ ಪಾಠ ಇಲ್ಲ, ಸುಮ್ನೆ ಕೂರುವುದು.

ಮಕ್ಕಳಿಗೆ ಗೆಲುವಿನ ಕಥೆ ಮಾತ್ರ ಹೇಳಬಾರದು ಅನ್ನುವುದು ನನ್ನ ಅಭಿಪ್ರಾಯ. ಇಮ್ಮಡಿ ಪುಲಕೇಶಿ ಉತ್ತರದ ಹರ್ಷವರ್ಧನನನ್ನು ಸೋಲಿಸಿದ್ದು ಎಲ್ಲರಿಗೂ ಗೊತ್ತು. 642ರಲ್ಲಿ ಪಲ್ಲವರ ನರಸಿಂಹವರ್ಮ ಬಂದು ಇದೇ ಬಾದಾಮಿಯನ್ನು ಗೆದ್ದ. ತನ್ನ ಶಾಸನವನ್ನೂ ಇಲ್ಲಿ ಬರೆಸಿದ. ಮುಂದೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಆ ಪಲ್ಲವರ ರಾಜಧಾನಿ ಕಂಚಿಯನ್ನು ಗೆದ್ದ. ಸೇಡಿಗೆ ಗುಡಿ ಒಡೆಯಲಿಲ್ಲ. ಅಲ್ಲಿನ ದೇವಸ್ಥಾನದ ಸಂಪತ್ತನ್ನು ದೇವರಿಗೇ ಬಿಟ್ಟು, ಅದನ್ನು ಅಲ್ಲಿಯೇ ಕನ್ನಡದಲ್ಲಿ ಬರೆಸಿ ಬಂದ. ಆ ಕನ್ನಡ ಶಾಸನ ಇವತ್ತಿಗೂ ಕಂಚಿಯ ಕೈಲಾಸನಾಥ ಗುಡಿಯಲ್ಲಿದೆ. ಸಣ್ಣ ಮಾತಿಗೂ ಸೇಡು ಸೇಡು ಅನ್ನುವ ವಯಸ್ಸು ನಮ್ಮ ಮಕ್ಕಳದ್ದು. ಅವರಿಗೆ ಈ ಕಥೆ ಬೇಕು.

ಆ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಎದ್ದಿತು. ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ಗುಡಿ ಕಟ್ಟಿಸಿದವಳೂ ರಾಣಿಯೇ, ತ್ರೈಲೋಕ್ಯಮಹಾದೇವಿ. ಭಾನುವಾರ ಅಲ್ಲಿಗೆ ಹೋಗುತ್ತೇವೆ. ಬಾದಾಮಿಯಿಂದ 22 ಕಿಲೋಮೀಟರ್. ಮಲಪ್ರಭೆ ಅಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ರಾಜರಿಗೆ ಪಟ್ಟ ಕಟ್ಟುತ್ತಿದ್ದ ಜಾಗವಾದ್ದರಿಂದ ಆ ಹೆಸರು. 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಉತ್ತರದ ಶೈಲಿಯ ಶಿಖರ, ದಕ್ಷಿಣದ ಶೈಲಿಯ ಶಿಖರ ಎರಡೂ ಒಂದೇ ಅಂಗಳದಲ್ಲಿವೆ. ಅವನ್ನು ಮಕ್ಕಳು ಪಕ್ಕಪಕ್ಕ ಬಿಡಿಸಿ ತೋರಿಸಬೇಕು. "ಎಲ್ಲ ಒಂದೇ ಥರ" ಎಂದು ಬರೆದಿದ್ದ ಹುಡುಗಿ ಈಗ ಹತ್ತನೇ ತರಗತಿ. ಅವಳನ್ನೂ ಕರೆದಿದ್ದೇನೆ, ಬರುತ್ತಿದ್ದಾಳೆ.

ಪಟ್ಟದಕಲ್ಲಿಗೆ ಮೊದಲು ಬೆಳಿಗ್ಗೆ ಐಹೊಳೆ. ಮೇಗುತಿ ಬೆಟ್ಟ ಹತ್ತಿ, ಇಮ್ಮಡಿ ಪುಲಕೇಶಿಯ ಆಸ್ಥಾನ ಕವಿ ರವಿಕೀರ್ತಿಯ 634ರ ಶಾಸನ ನೋಡುತ್ತೇವೆ. ದುರ್ಗ ಗುಡಿಗೆ ಆ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ, ಪಕ್ಕದ ಕೋಟೆಯಿಂದ. ಮಧ್ಯಾಹ್ನದ ಊಟ ಬನಶಂಕರಿಯಲ್ಲಿ, ಹೊಂಡದ ಹತ್ತಿರ ಅಮ್ಮಂದಿರು ಬುಟ್ಟಿಯಲ್ಲಿ ತರುವ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಕುಡಿಕೆಯ ಮೊಸರು.

ಈಗ ಕೆಲಸದ ಮಾತು. ಬಸ್ಸು ಸಾರಿಗೆ ಸಂಸ್ಥೆಯದ್ದು. ರಾತ್ರಿ 9ರ ನಂತರ ಬಸ್ ಓಡಿಸುವುದಿಲ್ಲ. ಶನಿವಾರ ರಾತ್ರಿ ಬಾದಾಮಿಯಲ್ಲೇ ವಸತಿ. ಹೆಣ್ಣುಮಕ್ಕಳಿಗೆ ಬೇರೆ ಕೋಣೆಗಳು, ಅಲ್ಲೇ ಇಬ್ಬರು ಶಿಕ್ಷಕಿಯರು ಮತ್ತು ನಾನು ಮಲಗುತ್ತೇವೆ. ಮಗಳನ್ನು ಕಳಿಸೋಕೆ ಹಿಂಜರಿಯುತ್ತಿರುವ ಮನೆಗಳಿವೆ ಅಂತ ಗೊತ್ತು. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ನಾನೂ ಹೆಣ್ಣುಮಗಳನ್ನು ಬೆಳೆಸಿದವಳು. ಶಾಲೆಗೆ ಬನ್ನಿ, ಕೂತು ಮಾತಾಡೋಣ. ರಾಣಿಯರು ಕಟ್ಟಿಸಿದ ಗುಡಿಗಳನ್ನು ಹುಡುಗರಿಗೆ ಮಾತ್ರ ತೋರಿಸಿ ಬರೋಕೆ ನನಗೆ ಮನಸ್ಸಿಲ್ಲ.

ಒಬ್ಬರಿಗೆ 900 ರೂಪಾಯಿ. ಕಟ್ಟೋಕೆ ಕಷ್ಟವಿದ್ದರೆ ನನಗೊಬ್ಬಳಿಗೆ ಹೇಳಿ, ಸಾಕು. ಯಾವ ಮಗುವೂ ದುಡ್ಡಿನ ಕಾರಣಕ್ಕೆ ಮನೆಯಲ್ಲಿ ಉಳಿಯಬಾರದು. 15 ವರ್ಷದೊಳಗಿನವರಿಗೆ ಸ್ಮಾರಕಗಳಲ್ಲಿ ಟಿಕೆಟ್ ಇಲ್ಲ. ಅದಕ್ಕೆ ವಯಸ್ಸು ತೋರಿಸಲು ಆಧಾರ್ ನಕಲು ಕಳಿಸಿ.

ಬಾದಾಮಿಯಲ್ಲಿ ಮಂಗಗಳ ಕಾಟ ಬಹಳ. ಕೈಯಲ್ಲಿ ತಿಂಡಿ, ಪ್ಲಾಸ್ಟಿಕ್ ಚೀಲ ಕಂಡರೆ ಕಿತ್ತುಕೊಳ್ಳುತ್ತವೆ. ಹೆಗಲಿಗೆ ಹಾಕುವ ಚೀಲ ಕೊಡಿ. ಶನಿವಾರ ಮಧ್ಯಾಹ್ನದ ಬುತ್ತಿ ಮನೆಯಿಂದ ಬರಲಿ, ಅದನ್ನು ಬಸ್ಸಿನಲ್ಲೇ ಇಟ್ಟು ಅಲ್ಲೇ ಊಟ ಮಾಡಿಸುತ್ತೇವೆ. ಮೆಟ್ಟಿಲು ಎತ್ತರ, ಹಾಗಾಗಿ ಚಪ್ಪಲಿ ಬೇಡ, ಶೂ ಇರಲಿ. ಬೆಳಗಿನ ಚಳಿಗೆ ಸ್ವೆಟರ್, ನೀರಿನ ಬಾಟಲಿ, ಗೆರೆ ಇಲ್ಲದ ಒಂದು ನೋಟ್‌ಬುಕ್, ಪೆನ್ಸಿಲ್. ಮೊಬೈಲ್ ಬೇಡ. ಫೋಟೋ ನಾವು ತೆಗೆದು ಕಳಿಸುತ್ತೇವೆ. ಕೆರೆಯ ನೀರಿಗೆ ಯಾರನ್ನೂ ಇಳಿಸುವುದಿಲ್ಲ. ಉಬ್ಬಸ, ಫಿಟ್ಸ್, ಬಸ್ಸಿನಲ್ಲಿ ವಾಂತಿ ಇಂಥದ್ದೇನಿದ್ದರೂ ಮುಚ್ಚಿಡದೆ ಚೀಟಿಯಲ್ಲಿ ಬರೆಯಿರಿ, ಮಾತ್ರೆಯ ಹೆಸರನ್ನೂ ಬರೆಯಿರಿ.

ಒಪ್ಪಿಗೆ ಚೀಟಿ ಈ ಪತ್ರದ ಜೊತೆಗಿದೆ. ತಂದೆ, ತಾಯಿ ಇಬ್ಬರೂ ಓದಿ, ಒಬ್ಬರಾದರೂ ಸಹಿ ಮಾಡಿ ಬರುವ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಚೀಟಿಯ ಹಿಂಭಾಗದಲ್ಲಿ ಸ್ವಲ್ಪ ಜಾಗ ಬಿಟ್ಟಿದ್ದೇನೆ. ನೀವೇ ಬಾದಾಮಿ ನೋಡಿದ್ದರೆ, ಮಕ್ಕಳು ತಪ್ಪದೆ ನೋಡಬೇಕು ಅನಿಸುವ ಒಂದು ಜಾಗ ಅಲ್ಲಿ ಬರೆಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ,
ಸರ್ಕಾರಿ ಪ್ರೌಢಶಾಲೆ, ಹಾವೇರಿ ಜಿಲ್ಲೆ