ಬಲ್ಲಾಳನನ್ನು ಊರಿಗೆ ತಂದು ಸಾಯಿಸಿದ್ದಾರೆ ಕಣೋ

ದಂಡನಾಯಕರಿಗೆ ಹಾಸನದಿಂದ ನಮಸ್ಕಾರ.

ಐದನೇ ಸಂಪುಟ, ಹೊಯ್ಸಳ ದೊರೆ ಮೂರನೇ ಬಲ್ಲಾಳನ ಕಾದಂಬರಿ, ಓದಿ ಮುಗಿಯಿತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಹೊಯ್ಸಳ ಸರಣಿಯನ್ನು ನಾವಿಬ್ಬರೂ ಹೊಗಳಿಕೊಂಡು ತಿರುಗಿ ಎಷ್ಟೋ ಜನರ ಕೈಲಿ ದುಡ್ಡು ಹಾಕಿಸಿದ್ದೇವಲ್ಲ, ಅವರಿಗೂ ಗೊತ್ತಾಗಲಿ ಎಂದು ಇಲ್ಲೇ ಬರೆಯುತ್ತಿದ್ದೇನೆ. ಮೊದಲ ಸುದ್ದಿ: ಕುಂಟು ಕುದುರೆ ವಾಪಸ್ ಬಂದಿದೆ. ಎರಡನೆಯದು: ಹಸಿಮೆಣಸಿನಕಾಯಿ ಚಟ್ನಿಯೂ ಬಂದಿದೆ, 1311ರಲ್ಲಿ! ಮೆಣಸಿನಕಾಯಿ ತಂದ ಪೋರ್ಚುಗೀಸರ ಹಡಗು ಈ ಕಡೆ ಮುಖ ಮಾಡಿದ್ದು 1498ರಲ್ಲಿ. ಪಂದ್ಯ ನೀನೇ ಗೆದ್ದೆ.

ಚಟ್ನಿ ಹಾಳಾಗಿ ಹೋಗಲಿ. ಮಳೆಗೆ ಏನನ್ನೋಣ? ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್ ದೇವಗಿರಿ ಕಡೆಯಿಂದ ಹೊಯ್ಸಳರ ರಾಜಧಾನಿ ದೋರಸಮುದ್ರದ, ಅಂದರೆ ಈಗಿನ ಹಳೇಬೀಡಿನ, ಬಾಗಿಲಿಗೆ ಬಂದದ್ದು 1311ರ ಫೆಬ್ರವರಿ ಕೊನೆಗೆ. ಕಾದಂಬರಿಯಲ್ಲಿ ಅವತ್ತು ಜಡಿಮಳೆ. ತುರುಕರ ಕುದುರೆಗಳು ಮೊಣಕಾಲುದ್ದ ಕೆಸರಲ್ಲಿ ಹೂತಿವೆ, ಬಲ್ಲಾಳ ಕೋಟೆಯ ಮೇಲೆ ನಿಂತು ನಗುತ್ತಾನೆ. ಫೆಬ್ರವರಿಯಲ್ಲಿ ಹಳೇಬೀಡಿನ ಹೊಲ ಹೇಗಿರುತ್ತೆ ಅಂತ ನಿನಗೆ ಹೇಳಬೇಕಾ? ಹೆಜ್ಜೆ ಇಟ್ಟರೆ ಧೂಳು.

ಆ ಕೆಸರು ಯಾಕೆ ಬೇಕಾಯಿತು ಅಂತ ಹಿಡಿದುಕೊಂಡು ಹೋದರೆ ಪುಸ್ತಕದ ರೋಗ ಸಿಗುತ್ತೆ. ದಂಡು ಬರುವ ಹೊತ್ತಿಗೆ ಬಲ್ಲಾಳ ಊರಲ್ಲೇ ಇರಲಿಲ್ಲ. ಪಾಂಡ್ಯರ ಮನೆಯಲ್ಲಿ ಸುಂದರ, ವೀರ ಎಂಬ ಅಣ್ಣತಮ್ಮಂದಿರು ಪಟ್ಟಕ್ಕಾಗಿ ಕಿತ್ತಾಡುತ್ತಿದ್ದರು. ಸಂದು ನೋಡಿ ತಮಿಳು ಸೀಮೆಯಲ್ಲಿ ಏನಾದರೂ ಗಿಟ್ಟೀತು ಎಂದು ಈತ ಅತ್ತ ಹೋಗಿದ್ದ. ಸುದ್ದಿ ಮುಟ್ಟಿ ಓಡೋಡಿ ಬಂದ. ಕೊನೆಗೆ ಶರಣಾಗಿ ಬೊಕ್ಕಸ, ಆನೆ, ಕುದುರೆ ಎಲ್ಲ ಒಪ್ಪಿಸಿದ. ಅಷ್ಟಕ್ಕೇ ಬಿಡಲಿಲ್ಲ, ಅದೇ ದಂಡಿಗೆ ತಮಿಳುನಾಡಿನ ದಾರಿಯನ್ನೂ ತೋರಿಸಬೇಕಾಯಿತು. ಮಗ ವಿರೂಪಾಕ್ಷ ದೆಹಲಿಗೆ ಹೋಗಿ 1313ರಲ್ಲಿ ತಿರುಗಿ ಬಂದ. ತನ್ನನ್ನು ದೋಚಿದವರ ಮುಂದೆ ಮುಂದೆ ದಾರಿ ತೋರಿಸುತ್ತಾ ಸಾಗುವ ದೊರೆ! ಕಾದಂಬರಿ ಇದ್ದದ್ದೇ ಅಲ್ಲಿ. ಲೇಖಕರಿಗೆ ಬೇಕಿದ್ದವನು ವೀರ, ಹಾಗಾಗಿ ಇದೆಲ್ಲ ಕತ್ತರಿಗೆ ಹೋಯಿತು. ತೂತು ಮುಚ್ಚಲು ಮಳೆ ಬಂತು.

ಮೂರನೇ ಸಂಪುಟ ಬರೆದ ಕೈಯೇ ಇದು ಅಂದರೆ ನಂಬಲಾಗುವುದಿಲ್ಲ. ಎರಡನೇ ಬಲ್ಲಾಳನ ಜೊತೆಗೇ ಜೀವ ಬಿಟ್ಟ ದಂಡನಾಯಕ ಕುವರ ಲಕ್ಷ್ಮನ ಅಧ್ಯಾಯ ನೆನಪಿದೆಯಲ್ಲ? ಹಳೇಬೀಡಿನ ಗರುಡಗಂಬದಲ್ಲಿ ತಮ್ಮ ತಲೆ ತಾವೇ ಕೊಯ್ದುಕೊಳ್ಳುವ ಆ ಪುಟ್ಟ ಆಳುಗಳನ್ನು ಹತ್ತಿರ ನಿಂತು ನೋಡದವರು ಅದನ್ನು ಬರೆಯಲಾರರು. ಲಕ್ಷ್ಮ ಕಾಲಿಗೆ ವೀರರ ಬಳೆ ಗಂಡಪೆಂಡೆರ ಬಿಗಿದುಕೊಳ್ಳುವಾಗ ಹೆಂಡತಿ ಸುಗ್ಗಲದೇವಿ ಕೊಂಡಿ ಸರಿಯಾಗಿ ಕೂತಿದೆಯಾ ಎಂದು ಬೆರಳಿಂದ ಮುಟ್ಟಿ ನೋಡುತ್ತಾಳೆ. ಒಂದು ಮಾತಿಲ್ಲ. ಐದರಲ್ಲಿ ಕುದುರೆ ಕಾಯುವವನೂ ಭಾಷಣ ಮಾಡುತ್ತಾನೆ.

ಮೂರನೇ ಬಲ್ಲಾಳನದು ಸುಮಾರು 50 ವರ್ಷದ ಆಳ್ವಿಕೆ. ಅರ್ಧ ಪುಸ್ತಕ ಪಟ್ಟಾಭಿಷೇಕಕ್ಕೂ ಮದುವೆಗಳಿಗೂ ಹೋಗಿದೆ. 1327ರ ತುಘಲಕ್ ದಂಡಿಗೆ ಒಂದೇ ಪ್ಯಾರಾ. ಅಲ್ಲಿಂದ ನೆಗೆದರೆ ಸಾವು. ನಡುವೆ ಆತ ತಿರುವಣ್ಣಾಮಲೈಯಲ್ಲಿ ಕೂತು ರಾಜ್ಯ ನಡೆಸಿದ್ದು ಇಲ್ಲವೇ ಇಲ್ಲ.

ಸಾವು ಹೇಗೆ ಬಂತು ನೋಡು. ಶ್ರೀರಂಗದ ಹತ್ತಿರದ ಕಣ್ಣಾನೂರು, ಅಜ್ಜ ಸೋಮೇಶ್ವರ ನೆಲೆಸಿದ್ದ ಊರು. ಅಲ್ಲಿನ ಕೋಟೆಗೆ ಮುತ್ತಿಗೆ ಹಾಕಿ ಇನ್ನೇನು ಕೈಗೆ ಬಂತು ಅನ್ನುವಾಗ, ಒಳಗಿದ್ದವರು ಮಧುರೆಯ ಸುಲ್ತಾನನನ್ನು ಕೇಳಿ ಹೇಳುತ್ತೇವೆ ಅಂದರು. ಬಲ್ಲಾಳ 14 ದಿನ ಗಡುವು ಕೊಟ್ಟ. ಆ ಬಿಡುವಿನಲ್ಲೇ ಸುಲ್ತಾನ ಘಿಯಾಸುದ್ದೀನ್ ಮೈಮರೆತಿದ್ದ ಪಾಳೆಯದ ಮೇಲೆ ಬಿದ್ದ. 80ರ ಮುದುಕ ಕುದುರೆ ಏರಲು ಹವಣಿಸುವಾಗ ಸುಲ್ತಾನನ ಸಂಬಂಧಿಕನ ಕೈಗೆ ಸಿಕ್ಕ. ಅವನಿಗೆ ಗುರುತೇ ಹತ್ತಲಿಲ್ಲ, ಇವನೇ ರಾಜ ಎಂದು ಹೇಳಿದ್ದು ಒಬ್ಬ ಗುಲಾಮ. ಬಿಟ್ಟುಬಿಡುತ್ತೇವೆಂದು ಇದ್ದದ್ದೆಲ್ಲ ಕಿತ್ತುಕೊಂಡು ಆಮೇಲೆ ಕೊಂದರು. ಚರ್ಮಕ್ಕೆ ಹುಲ್ಲು ತುಂಬಿ ಮಧುರೆಯ ಗೋಡೆಗೆ ನೇತುಹಾಕಿದ್ದನ್ನು ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಕಣ್ಣಾರೆ ಕಂಡು ಬರೆದಿದ್ದಾನೆ.

ನಮ್ಮ ಲೇಖಕರು ಅವನನ್ನು ಹೊಯ್ಸಳೇಶ್ವರನ ನಂದಿಯ ಮುಂದೆ ಮಲಗಿಸಿ, ಬಾಯಿಗೆ ನೀರು ಬಿಡಿಸಿ ಕಳಿಸಿಕೊಟ್ಟಿದ್ದಾರೆ. ಕೆರೆ ಕಡೆಯಿಂದ ತಂಗಾಳಿ ಬೇರೆ.

ಹೇಳಿಬಿಡುತ್ತೇನೆ, ಆ ಪುಟವನ್ನು ನಾನು ಮತ್ತೆ ತಿರುಗಿಸಿ ಓದಿದೆ. ಪೂರಾ ಸುಳ್ಳು ಅಂತ ಗೊತ್ತಿದ್ದೂ ಗಂಟಲು ಕಟ್ಟಿತು. ಹೋದವನು ಅಲ್ಲೇ ನೆಲೆ ಕಂಡುಕೊಂಡ, ಅಲ್ಲಿ ಚೆನ್ನಾಗಿಯೇ ಇದ್ದ, ಇಲ್ಲಿಗೆ ಬರಬೇಕು ಅನ್ನಿಸಿದ್ದಕ್ಕೆ ಒಂದು ಶಾಸನವೂ ನನ್ನ ಕಣ್ಣಿಗೆ ಬಿದ್ದಿಲ್ಲ ಅನ್ನುವುದನ್ನು ನುಂಗಿಕೊಳ್ಳಲು ಈ ಊರಲ್ಲೇ ಉಳಿದವರಿಗೆ ಕಷ್ಟ ಕಣೋ. ನೀನೂ ಚೆನ್ನೈಗೆ ಹೊರಟಾಗ ‘ಎರಡೇ ವರ್ಷ’ ಅಂದಿದ್ದೆ. ಗೃಹಪ್ರವೇಶದ ಫೋಟೋ ಕೆಳಗೆ ‘ಶುಭವಾಗಲಿ’ ಅಂತ ಒಂದು ಪದ ಹಾಕಲು ನನಗೆ ಎಷ್ಟು ಹೊತ್ತು ಬೇಕಾಯಿತು ಅಂತ ಇಷ್ಟು ಜನರ ಮುಂದೆ ಹೇಳುವುದಿಲ್ಲ.

ನೋಡಿದೆಯಾ, ಫೆಬ್ರವರಿಯಲ್ಲಿ ಮಳೆ ಸುರಿಸಲು ನನಗೂ ಬರುತ್ತೆ. ಮುಂದಿನ ಸಂಪುಟ ನನಗೇ ಕೊಡಿ ಅಂತ ಪ್ರಕಾಶಕರಿಗೆ ಬರೆಯುವವನಿದ್ದೇನೆ.

ಅಂತ್ಯ ಊರ ಹತ್ತಿರವೇ ಬೇಕಿತ್ತು ಅನ್ನುವುದಾದರೆ ಸುಳ್ಳು ಹೇಳುವ ದರ್ದೂ ಇರಲಿಲ್ಲ. ಮೊದಲ ಸಂಪುಟ ಶುರುವಾದದ್ದು ಮೂಡಿಗೆರೆ ಪಕ್ಕದ ಅಂಗಡಿ ಎಂಬ ಊರಲ್ಲಿ, ಹೊಯ್ಸಳರ ಕುಲದೇವತೆ ವಾಸಂತಿಕೆಯ ಗುಡಿ ಮುಂದೆ. ಬಲ್ಲಾಳ ಸತ್ತ ನಾಲ್ಕೇ ವರ್ಷಕ್ಕೆ, 1346ರಲ್ಲಿ, ವಿಜಯನಗರದ ಹರಿಹರ ತಮ್ಮಂದಿರ ಸಮೇತ ಶೃಂಗೇರಿಗೆ ಬಂದು ಮಠಕ್ಕೆ ಭೂಮಿ ಬಿಟ್ಟ. ಎರಡೂ ಇವತ್ತಿನ ಚಿಕ್ಕಮಗಳೂರು ಜಿಲ್ಲೆಯೇ. ಒಂದು ಮನೆತನ ಮೊಳೆತ ಮಲೆನಾಡಿನಲ್ಲೇ ಇನ್ನೊಂದು ಮನೆತನ ಬಂದು ದಾನ ಕೊಡುತ್ತಿದೆ. ಈ ದೃಶ್ಯ ಪುಕ್ಕಟೆ ಬಿದ್ದಿತ್ತು, ಯಾರೂ ಎತ್ತಿಕೊಳ್ಳಲಿಲ್ಲ.

ಪುಸ್ತಕ ಕೊಳ್ಳಬೇಡ, ನನ್ನ ಪ್ರತಿ ಕಳಿಸುತ್ತೇನೆ. ಮದುವೆಗಳನ್ನು ಹಾರಿಸು, ಬೊಕ್ಕಸದ ಲೆಕ್ಕ ಬರೆಯುವ ಶಾನುಭೋಗನ ಅಧ್ಯಾಯ ಮಾತ್ರ ಬಿಡಬೇಡ, ಹಳೆಯ ಕೈ ಅಲ್ಲಿ ಇನ್ನೂ ಇದೆ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿದ ಬೈಗುಳಗಳು ಮಕ್ಕಳ ಕಣ್ಣಿಗೆ ಬೀಳದ ಹಾಗೆ ನೋಡಿಕೋ. ಕೊರಿಯರ್ ದುಡ್ಡು ನಿಂದೇ, ಪಂದ್ಯದ ಮಸಾಲೆ ದೋಸೆಯಲ್ಲಿ ವಜಾ ಮಾಡಿಕೊಳ್ಳೋಣ.