ಮಗಳಿಗೊಂದು ಪತ್ರ: ಹಳೇ ಹಡಗು, ಹೊಸ ನಾವಿಕರು

ಪ್ರೀತಿಯ ಪುಟ್ಟಿ,

ನೀವೆಲ್ಲ ಸೇರಿ ಕೊಂಡಿರುವ ಹಾಯಿ ಹಡಗಿನ ಫೋಟೋಗಳನ್ನು ಮತ್ತೆ ಮತ್ತೆ ನೋಡಿದೆ. ಮಕ್ಕಳಿಗೆ ಅದರಲ್ಲಿ ಹಾಯಿ ಬಿಚ್ಚುವುದು, ಚುಕ್ಕಾಣಿ ಹಿಡಿಯುವುದು, ರಾತ್ರಿ ಪಾಳಿ ಕಾಯುವುದು ಕಲಿಸುತ್ತೇವೆ ಅಂತ ಬರೆದಿದ್ದೀಯ. ಹಡಗು ರಿಪೇರಿಯಲ್ಲೇ ಬದುಕು ಕಳೆದ ಅಪ್ಪನಿಗೆ ಇದಕ್ಕಿಂತ ಹೆಮ್ಮೆ ಬೇಕಾ? ಆದರೆ ಒಂದು ಮಾತು. ಹಡಗು ಪೂರ್ತಿ ಸಿದ್ಧವಾಗಲಿ ಅಂತ ಆ ಮಕ್ಕಳನ್ನು ಕಾಯಿಸಬೇಡ. ರಿಪೇರಿ ನಡೆಯುವಾಗಲೇ ಕರೆದುಕೊಂಡು ಬಾ.

ಇಂಥ ಕೆಲಸಕ್ಕೆ ಎಷ್ಟು ಕಾಲ ಹಿಡಿಯುತ್ತದೆ ನೋಡು. 1874ರಲ್ಲಿ ಕಟ್ಟಿದ ಜೇಮ್ಸ್ ಕ್ರೇಗ್ ಅನ್ನುವ ಕಬ್ಬಿಣದ ಹಡಗು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಒಂದು ಕೊಲ್ಲಿಯಲ್ಲಿ ಪಾಳು ಬಿದ್ದಿತ್ತು. ಸ್ವಯಂಸೇವಕರು 1972ರಲ್ಲಿ ಅದನ್ನು ಮತ್ತೆ ತೇಲಿಸಿದರು. ಅದು ಹಾಯಿ ಬಿಚ್ಚಿ ಸಮುದ್ರಕ್ಕೆ ಹೋಗಲು ಮುಂದೆ ಸುಮಾರು ಮೂರು ದಶಕ ಬೇಕಾಯಿತು. ನಿಮ್ಮದು ಅಷ್ಟೊಂದು ಕೆಟ್ಟಿಲ್ಲ, ನಿಜ. ಆದರೂ ಈಗ ಹದಿನೈದು ವರ್ಷದ ಹುಡುಗಿ ಎಷ್ಟು ದಿನ ಅಂತ ಕಾಯುತ್ತಾಳೆ?

ಡೆಕ್ಕಿನ, ಅಂದರೆ ಹಡಗಿನ ಮೇಲ್ನೆಲದ, ಹಲಗೆಗಳ ಸಂದಿಯನ್ನೇ ತಗೋ. ನೀರು ಇಳಿಯದ ಹಾಗೆ ಅದಕ್ಕೆ ನಾರು ತುಂಬಿರುತ್ತಾರೆ. ಮೊದಲು ಹಳೇ ನಾರನ್ನು ಕೆರೆದು ತೆಗೆಯಬೇಕು. ಟಾರಿನಲ್ಲಿ ನೆನೆದ ಹೊಸ ನಾರನ್ನು ಬೆರಳಲ್ಲಿ ಹೊಸೆದು, ಮೊಂಡು ಉಳಿ ಇಟ್ಟು, ಮರದ ಸುತ್ತಿಗೆಯಿಂದ ಹೊಡೆದು ತುಂಬಬೇಕು. ಸಡಿಲವಿದ್ದಾಗ ಸುತ್ತಿಗೆಯ ಸದ್ದು ಮಂದವಾಗಿರುತ್ತದೆ. ನಾರು ಬಿಗಿಯಾಗಿ ಕೂತಾಗ ಟಣ್ ಅನ್ನುತ್ತದೆ. ಕಿವಿ ಅದನ್ನು ಹಿಡಿಯುವ ತನಕ ಕೈ ಕಲಿಯುವುದಿಲ್ಲ. ಆಮೇಲೆ ಬಿಸಿ ರಾಳ ಸುರಿದು ಮುಚ್ಚುತ್ತಾರೆ. ಇಂಥದ್ದೊಂದು ಸಂದಿ ತುಂಬಿದ ಹುಡುಗ, ಮುಂದೆ ಎಲ್ಲಾದರೂ ಡೆಕ್ ಕೆಳಗೆ ಒದ್ದೆ ಕಂಡರೆ ಸುಮ್ನೆ ದಾಟಿಕೊಂಡು ಹೋಗುವುದಿಲ್ಲ. ಮಳೆನೀರು ಯಾಕೆ ಸಮುದ್ರದ ನೀರಿಗಿಂತ ಡೆಕ್ಕಿಗೆ ಜಾಸ್ತಿ ಕೆಟ್ಟದ್ದು ಅಂತಲೂ ಅಲ್ಲೇ ಹೇಳಿಕೊಡು. ಮರವನ್ನು ಕೊಳೆಸುವ ಬೂಷ್ಟಿಗೆ ಉಪ್ಪು ಆಗಿಬರುವುದಿಲ್ಲ. ಅದಕ್ಕೇ ಡೆಕ್ಕನ್ನು ಸಮುದ್ರದ ನೀರಲ್ಲೇ ತೊಳೆಯುವ ರೂಢಿ ಬಂದದ್ದು.

ಎಲ್ಲ ಕೆಲಸವೂ ಮಕ್ಕಳ ಕೈಗೆ ಬೇಡ. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ, ಎಂಜಿನ್ ಕೋಣೆಯ ಪೈಪುಗಳ ಸುತ್ತ ಆಸ್ಬೆಸ್ಟಾಸ್ ಇರಬಹುದು. ಪರೀಕ್ಷೆ ಮಾಡಿಸಿ, ತಿಳಿದವರಿಂದ ತೆಗೆಸಿದ ಮೇಲೆಯೇ ಮಕ್ಕಳನ್ನು ಒಳಗೆ ಬಿಡು. ಇದರಲ್ಲಿ ಯಾರ ಅವಸರಕ್ಕೂ ಮಣಿಯಬೇಡ.

ಇನ್ನು ತೂಕದ ವಿಷಯ. ರಿಪೇರಿಯಲ್ಲಿ ಹಳೇ ಎಂಜಿನ್ ಹೋಗುತ್ತದೆ, ಜನರೇಟರ್ ಬರುತ್ತದೆ, ಮೇಲೆ ಹೊಸ ಕೋಣೆಗಳು ಏಳುತ್ತವೆ. ಕಣ್ಣಿಗೆ ಅದೇ ಹಡಗು, ನೀರಿಗೆ ಬೇರೆ ಹಡಗು. ಪಾಮೀರ್ ಅನ್ನುವ ಜರ್ಮನಿಯ ತರಬೇತಿ ಹಾಯಿ ಹಡಗು ನೆನಪಿದೆಯಲ್ವಾ? 1957ರಲ್ಲಿ ಅಟ್ಲಾಂಟಿಕ್‌ನ ಚಂಡಮಾರುತದಲ್ಲಿ ಅದು ಮುಳುಗಿತು. ಚೀಲಕ್ಕೆ ತುಂಬದೆ ಹಾಗೇ ಸುರಿದಿದ್ದ ಬಾರ್ಲಿ ಒಂದು ಕಡೆಗೆ ಜರುಗಿ ಹಡಗು ವಾಲಿತ್ತು. 86 ಜನರಲ್ಲಿ ಉಳಿದವರು 6. ಸತ್ತವರಲ್ಲಿ ಹೆಚ್ಚಿನವರು ಕಲಿಯಲು ಬಂದ ಹುಡುಗರು. ಅವರ ಅಪ್ಪ ಅಮ್ಮಂದಿರನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅದಕ್ಕೇ ವಾಲಿಸಿ ನೋಡುವ ಪರೀಕ್ಷೆಯನ್ನು ತಪ್ಪದೆ ಮಾಡಿಸು. ಗೊತ್ತಿರುವ ತೂಕಗಳನ್ನು ಡೆಕ್ಕಿನ ಈ ಬದಿಯಿಂದ ಆ ಬದಿಗೆ ಸರಿಸುತ್ತಾರೆ. ಒಳಗೆ ಉದ್ದ ದಾರಕ್ಕೆ ತೂಗುಗುಂಡು ಕಟ್ಟಿರುತ್ತಾರೆ, ಅದು ತೂಗಾಡದ ಹಾಗೆ ಎಣ್ಣೆ ತೊಟ್ಟಿಯಲ್ಲಿ ಅದ್ದಿರುತ್ತಾರೆ. ದಾರ ಎಷ್ಟು ಸರಿಯಿತು ಅನ್ನುವುದರ ಮೇಲೆ ಹಡಗಿನ ಭಾರದ ಕೇಂದ್ರ ಎಷ್ಟು ಎತ್ತರದಲ್ಲಿದೆ ಅಂತ ಲೆಕ್ಕ ಹಾಕುತ್ತಾರೆ. ಎಂಜಿನಿಯರ್ ಅಳೆಯುವಾಗ ಇಬ್ಬರು ಮಕ್ಕಳನ್ನಾದರೂ ಪಕ್ಕದಲ್ಲಿ ನಿಲ್ಲಿಸು. ಅಳತೆ ಅವರೂ ಓದಲಿ.

ಡ್ರೈ ಡಾಕ್‌ಗೆ (ನೀರು ಖಾಲಿ ಮಾಡಿ ಹಡಗಿನ ತಳ ರಿಪೇರಿ ಮಾಡುವ ಜಾಗ) ಹಡಗನ್ನು ಯಾವತ್ತು ಹತ್ತಿಸುತ್ತೀರಿ ಅಂತ ಬರೆದಿಲ್ಲ. ಹಡಗಿನ ಒಡಲಿನ ತಗಡುಗಳ ದಪ್ಪ ಅಳೆದ ಪಟ್ಟಿ ಕೈಗೆ ಬಂದ ಕೂಡಲೇ ನನಗೊಂದು ಪ್ರತಿ ಕಳಿಸು. ನೀರಿನ ಮಟ್ಟದ ಆಸುಪಾಸಿನ ಸಾಲನ್ನು ನಾನೇ ಕೂತು ನೋಡುತ್ತೇನೆ, ತುಕ್ಕು ಜಾಸ್ತಿ ತಿನ್ನುವುದು ಅಲ್ಲೇ.

ಇಂತಿ ನಿನ್ನ ಪ್ರೀತಿಯ,
ಅಪ್ಪ